ಚಾಂಪಿಯನ್ನನ ಜಮೆ-ಖರ್ಚು

ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಬೆಳ್ಳಂಬೆಳಗ್ಗೆ ಓಡುವ ಮಕ್ಕಳನ್ನು ನೀವೂ ನೋಡಿರಬಹುದು. ಉಜಿರೆ ಕಡೆ ವಾಲಿಬಾಲ್, ಬಂಟ್ವಾಳದ ಕಡೆ ಕಬಡ್ಡಿ. ಟೆನಿಸ್ ಆಡುವವರು ನಮ್ಮಲ್ಲಿ ಕಡಿಮೆ. ಆದರೂ ಇವತ್ತು ಒಬ್ಬ ಟೆನಿಸ್ ಆಟಗಾರರ ಮಾತು ಎತ್ತಿದ್ದೇವೆ. ಮಗನನ್ನು ಕ್ರೀಡಾ ಹಾಸ್ಟೆಲಿಗೆ ಸೇರಿಸುವುದೋ ಬೇಡವೋ ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತು ತಲೆ ಕೆರೆದುಕೊಳ್ಳುವ ಅಪ್ಪಂದಿರಿಗೆ ಇದು ಬೇಕಾದ ಲೆಕ್ಕ.

ಸೋಮದೇವ್ ದೇವವರ್ಮನ್ ಹುಟ್ಟಿದ್ದು ಗುವಾಹಟಿಯಲ್ಲಿ, ಆಟದಲ್ಲಿ ಬೆಳೆದದ್ದು ಚೆನ್ನೈಯಲ್ಲಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು 2007 ಮತ್ತು 2008ರಲ್ಲಿ ಆ ದೇಶದ ಕಾಲೇಜು ಸಿಂಗಲ್ಸ್ ಚಾಂಪಿಯನ್ ಆದರು. 2008ರಲ್ಲಿ ಆಡಿದ 45 ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು! 2007ರ ಫೈನಲಿನಲ್ಲಿ ಅವರಿಗೆ ಸೋತವರು ಆರಡಿ ಹತ್ತಂಗುಲದ ಜಾನ್ ಇಸ್ನರ್.

ಮುಂದೆ ಆದದ್ದೇ ಬೇರೆ. ಆ ಇಸ್ನರ್ ಬರೀ ಸರ್ವಿಸಿನ ಜೋರಿನಲ್ಲಿ ಜಗತ್ತಿನ 8ನೇ ಸ್ಥಾನಕ್ಕೆ ಏರಿ 2023ರ ತನಕ ಆಡಿದರು. ಸೋಮದೇವ್ ಅವರ ಬಂಡವಾಳ ಕಾಲು. ಓಡಬೇಕು, ಪ್ರತಿ ಚೆಂಡನ್ನೂ ವಾಪಸ್ ಕಳಿಸಬೇಕು. 2009ರಲ್ಲಿ ಚೆನ್ನೈ ಓಪನ್ ಫೈನಲ್, 2010ರಲ್ಲಿ ಕಾಮನ್‌ವೆಲ್ತ್ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯಾಡಿನಲ್ಲಿ ಎರಡು ಚಿನ್ನ. 2011ರಲ್ಲಿ 62ನೇ ಸ್ಥಾನ. ಅಷ್ಟರಲ್ಲಿ ಭುಜ ಕೈಕೊಟ್ಟಿತು. 2012ರ ಬಹುಪಾಲು ಮನೆಯಲ್ಲೇ ಹೋಯಿತು. 2014ರಲ್ಲಿ ಬೆಂಗಳೂರಿನ ಡೇವಿಸ್ ಕಪ್ಪಿನಲ್ಲಿ ಸರ್ಬಿಯಾದ ಲಾಯೊವಿಚ್ ಅವರನ್ನು ಐದು ಸೆಟ್ ಕಾದಾಡಿ ಸೋಲಿಸಿದ್ದು ಬಲ್ಲವರಿಗೆ ನೆನಪುಂಟು. 2017ರ ಜನವರಿ 1ರಂದು, ಮೂವತ್ತೊಂದನೇ ವಯಸ್ಸಿಗೆ, ರಾಕೆಟ್ ಕೆಳಗಿಟ್ಟರು. ನಮ್ಮ ಪಕ್ಕದ ಕೊಡಗಿನ ರೋಹನ್ ಬೋಪಣ್ಣ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದದ್ದನ್ನು ನೆನೆದರೆ ಇದು ಬೇಗ ಮುಗಿದ ಆಟವೇ. ಆದರೆ ಡಬಲ್ಸಿನಲ್ಲಿ ಅರ್ಧ ಅಂಗಳ ಇನ್ನೊಬ್ಬ ನೋಡಿಕೊಳ್ಳುತ್ತಾನೆ ಮಾರಾಯ್ರೆ.

‘ಅಷ್ಟು ದೊಡ್ಡ ಚಾಂಪಿಯನ್, ಬರೀ 62ಕ್ಕೆ ನಿಂತರಲ್ಲ’ ಎನ್ನುವವರಿದ್ದಾರೆ. ಇಡೀ ಭೂಮಿಯಲ್ಲಿ 62ನೆಯವನಾಗುವುದು ಎಂದರೆ ಎಂತದು ಅಂತ ಮಾಡಿದ್ದೀರಿ? ನಮ್ಮ ಪೇಟೆಯಲ್ಲೇ 62ನೇ ಅಂಗಡಿ ಆಗಲಿಕ್ಕೆ ಎಷ್ಟು ಜನರ ಬೆವರು ಹರಿದಿದೆ!

ಅಸಲು ಕಷ್ಟ ಇರುವುದು ಕೆಳಗಿನ ಮೆಟ್ಟಿಲಲ್ಲಿ. ಗ್ರ್ಯಾಂಡ್‌ಸ್ಲಾಮಿಗೆ ನೇರ ಪ್ರವೇಶ ಸಿಗುವುದು ಸುಮಾರು ಮೊದಲ ನೂರು ಮಂದಿಗೆ. ಉಳಿದವರು ಸಣ್ಣ ಟೂರ್ನಿಗಳಲ್ಲಿ ಅಲೆಯಬೇಕು. ತೀರ ಕೆಳಗಿನ ದರ್ಜೆಯ ಟೂರ್ನಿಯ ಬಹುಮಾನ, ಎಲ್ಲರದ್ದೂ ಸೇರಿ, 2023ರಲ್ಲಿ 15,000 ಡಾಲರ್. ಮೊದಲ ಸುತ್ತಿನಲ್ಲೇ ಸೋತವನ ಪಾಲಿಗೆ ನೂರೈವತ್ತು ಡಾಲರ್ ಚಿಲ್ಲರೆ, ಅಂದರೆ ಹದಿಮೂರು ಸಾವಿರ ರೂಪಾಯಿಯ ಆಸುಪಾಸು. ವಿಮಾನ, ರೂಮು, ಊಟ, ರಾಕೆಟಿನ ತಂತಿ ಎಲ್ಲ ಕೈಯಿಂದ. ಇಂಥ ವ್ಯಾಪಾರಕ್ಕೆ ನಮ್ಮ ಯಾವ ಸೆಟ್ಟರು ಕೈ ಹಾಕುತ್ತಾರೆ?

ಸೋಮದೇವ್ ಮೊದಲು ಕಾಲೇಜು ಮುಗಿಸಿ ಆಮೇಲೆ ವೃತ್ತಿಗೆ ಇಳಿದರು. ನಮ್ಮ ತಕರಾರು ಇಲ್ಲಿಯೇ. ಪದಕ ತರುವ ತನಕ ಹುಡುಗ ಕಾಲೇಜಿನ ಕಣ್ಮಣಿ, ಫೋಟೋ ಬ್ಯಾನರಿನಲ್ಲಿ. ಮಂಡಿ ಉಳುಕಿದ ಮರುದಿನ? ತರಗತಿಯಲ್ಲಿ ಕೂತದ್ದು ಎಷ್ಟು ದಿನ, ಬರೆದ ಪರೀಕ್ಷೆ ಎಷ್ಟು, ಕೇಳುವವರು ಬೇಕಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನ ಮಾತು ಎಂದು ನಗುವವರು ನಗಲಿ. ಆ ಕಾಗದ ಇಲ್ಲದೆ ಅರ್ಜಿ ಹಿಡಿದು ನಿಲ್ಲುವುದು ಹೇಗೆಂದು ಬಲ್ಲೆವು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತಂದೆತಾಯಿಗಳೇ, ಸೀಟಿಗೆ ಹೋದಾಗ ಊಟ-ವಸತಿ ಉಚಿತವೇ ಎಂದು ಮಾತ್ರ ಕೇಳಿ ಬರಬೇಡಿ. ಮಗುವಿಗೆ ಪೆಟ್ಟಾದರೆ ಆಸ್ಪತ್ರೆ ಬಿಲ್ಲು ಯಾರದ್ದು, ಆಡಲಾಗದಿದ್ದರೆ ಸೀಟು ಉಳಿಯುತ್ತದೆಯೇ, ಟೂರ್ನಿಗೆ ಹೋದ ದಿನಗಳ ಪಾಠವನ್ನು ಯಾರು ಹೇಳಿಕೊಡುತ್ತಾರೆ, ಈ ಮೂರನ್ನೂ ಕೇಳಿ. ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಕೊಡಲಿ.