ಅದಿರಿನ ಹಕ್ಕು ಕಾಡಿನ ಹಕ್ಕಲ್ಲ
ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಖನಿಜ ಪತ್ತೆಹಚ್ಚಿದವರಿಗೆ ಗಣಿಗಾರಿಕೆಯ ಹಕ್ಕು ನೀಡುವುದು 1872ರ ಕಾಯ್ದೆ. ಗಣಿಯ ನೆಪದಲ್ಲಿ ಮರ ಮಾರುವವರು, ವಿಹಾರದ ಮನೆ ಕಟ್ಟುವವರು ಹೆಚ್ಚಿದಾಗ 1955ರಲ್ಲಿ ಮತ್ತೊಂದು ಕಾಯ್ದೆ ಬಂತು: ಮೇಲ್ಮೈ ಬಳಕೆ ಗಣಿ ಕೆಲಸಕ್ಕಷ್ಟೇ ಸೀಮಿತ.

ಹಾಗಾದರೆ ಅಗೆದ ಕಲ್ಲುಮಣ್ಣನ್ನು ಕಾಡಿನ ಮೇಲೆ ಸುರಿಯುವುದು? ಅರಿಜೋನಾದ ರೋಸ್‌ಮಾಂಟ್ ತಾಮ್ರ ಯೋಜನೆ ಎತ್ತಿದ ಪ್ರಶ್ನೆ ಇದೇ. ಕೊರೊನಾಡೊ ಅರಣ್ಯದ 2,447 ಎಕರೆಯಲ್ಲಿ ತ್ಯಾಜ್ಯ ಸುರಿಯಲು ಅರಣ್ಯ ಇಲಾಖೆಯೇ ಒಪ್ಪಿತ್ತು. ಕಾಡು ಕಾಯಬೇಕಾದವರ ಔದಾರ್ಯ! 2019ರಲ್ಲಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಸುರಿಯುವ ಜಾಗದಲ್ಲಿ ಬೆಲೆಬಾಳುವ ಖನಿಜವಿರುವುದಕ್ಕೆ ಸಾಕ್ಷ್ಯವೇ ಇರಲಿಲ್ಲ. ಖನಿಜವಿಲ್ಲದ ನೆಲಕ್ಕೆ 1872ರ ಹಕ್ಕು ಅನ್ವಯಿಸುವುದಾದರೂ ಹೇಗೆ? ಕಂಪನಿ ಬಳಿಕ ಸಮೀಪದ ಖಾಸಗಿ ಜಮೀನಿನತ್ತ ಹೊರಳಿತು. ಅಲ್ಲಿ ಈ ಕಡಿವಾಣ ನಡೆಯದು.