ಕರೆದರೆ ಬರುವುದು ಬೆಳವ, ತೆನೆ ತಿನ್ನುವುದು ಗಿಳಿ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಒಣಬೇಸಾಯದವರದು ಒಂದೇ ತಕರಾರು: ಹಕ್ಕಿ ಕಾಟ. ನಾವು ಸೀತನಿ ತಿನ್ನುವ ಹೊತ್ತಿಗೇ ಹಕ್ಕಿಗೂ ಸೀತನಿ ಬೇಕು. ಹಿಂಡು ಬಂದು ಕುಂತು ಎದ್ದರೆ ತೆನೆಯಲ್ಲಿ ಉಳಿಯುವುದು ಬರೀ ಸಿಪ್ಪೆ. ರೈತನ ಹೊಟ್ಟೆ ಉರಿಯುವುದು ಸಹಜ. ಬಸ್ಸಿನಲ್ಲಿ, ಕಿರಾಣಿ ಅಂಗಡಿ ಕಟ್ಟೆಯ ಮೇಲೆ ಈ ಮಾತು ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಾಕು ಹೊಡದ ಒಗೀರಿ, ತಾನ ಬುದ್ಧಿ ಬರ್ತೈತಿ."

ಈಗ ಈ ಮಾತಿಗೆ ಹೊಸ ರೆಕ್ಕೆ ಬಂದಿದೆ. ಮೊಬೈಲಿನಲ್ಲಿ ವಿಲಾಯತಿ ವಿಡಿಯೋಗಳು ಬರುತ್ತವೆ. ಹೊಲದಲ್ಲಿ ಹತ್ತಿಪ್ಪತ್ತು ಪ್ಲಾಸ್ಟಿಕ್ ಪಾರಿವಾಳ ನಿಲ್ಲಿಸುತ್ತಾರೆ, ಬೇಲಿ ಮರೆಗೆ ಬಂದೂಕು ಹಿಡಿದು ಕೂರುತ್ತಾರೆ. ಆಕಾಶದಲ್ಲಿ ಹೋಗುವ ಹಕ್ಕಿ ಕೆಳಗೆ ತನ್ನ ಜಾತಿಯವು ಮೇಯುತ್ತಿವೆ ಎಂದು ನಂಬಿ ಇಳಿಯುತ್ತದೆ, ಢಂ ಅನ್ನಿಸುತ್ತಾರೆ. ನೋಡಿದ ಹುಡುಗರಿಗೆ ಅನಿಸುವುದು ಇಷ್ಟೇ: ನಮ್ಮ ಹೊಲದಾಗೂ ಹಿಂಗ ಮಾಡಿದ್ರ ಹ್ಯಾಂಗ?

ಮಾಡಿದರೆ ಏನಾಗುತ್ತದೆ ಎಂಬುದನ್ನೇ ಈ ಹೊತ್ತು ನೋಡೋಣ.

ಹುಸಿ ಹಕ್ಕಿ ಇಟ್ಟು ನಿಜ ಹಕ್ಕಿ ಕರೆಯುವ ವಿದ್ಯೆ ನಮಗೆ ವಿಲಾಯತಿಯಿಂದ ಬರಬೇಕಾಗಿಲ್ಲ. ಹಳಗನ್ನಡದಲ್ಲಿ ಇದಕ್ಕೆ ದೀವ ಎಂಬ ಶಬ್ದವೇ ಉಂಟು. ಬೇಟೆಗೆ ಪಳಗಿಸಿದ ಮೃಗ ದೀವದ ಮೃಗ. ಪಾರ್ಧಿ, ಹರಣಶಿಕಾರಿ, ಅಡವಿಚಿಂಚರ ಜನ ಇದರಲ್ಲಿ ಕೈಪಳಗಿದವರು. ಪಳಗಿದ ಚಿಗರಿಯ ಕೊಂಬಿಗೆ ಉರುಲು ಕಟ್ಟಿ ಹಿಂಡಿಗೆ ಬಿಡುವುದು, ಪಳಗಿದ ಎತ್ತಿನ ಮರೆಯಲ್ಲಿ ಹೆಜ್ಜೆ ಹೆಜ್ಜೆಗೂ ಬೇಟೆಯ ಹತ್ತಿರ ಸರಿಯುವುದು, ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟು ಕೂಗಿಸುವುದು ಎಲ್ಲವೂ ಅವರ ಕಸುಬಿನಲ್ಲಿತ್ತು. ಕೌಜುಗದ್ದು ತಮಾಷೆ ನೋಡಿ. ಅದು ಸಂಗಾತಕ್ಕೆಂದು ಬರುವುದಿಲ್ಲ. ನನ್ನ ಸೀಮೆಯಾಗ ಕೂಗಾಂವ ಯಾಂವ ಎಂದು ಜಗಳಕ್ಕೆ ಬಂದು ಉರುಲಿಗೆ ಬೀಳುತ್ತದೆ. ಪಾರಿವಾಳ, ಬೆಳವದ ಸ್ವಭಾವ ಬೇರೆ. ಅವು ಗುಂಪಿನಲ್ಲಿ ನೆಲದ ಮೇಲೆ ಮೇಯುವ ಹಕ್ಕಿ. ಇನ್ನೊಂದು ನಿಶ್ಚಿಂತೆಯಿಂದ ಮೇಯುತ್ತಿದೆ ಎಂದರೆ ಅಲ್ಲಿ ಕಾಳೂ ಇದೆ, ಅಪಾಯವೂ ಇಲ್ಲ ಎಂಬ ಲೆಕ್ಕ. ಹುಸಿ ಹಕ್ಕಿ ಈ ನಂಬಿಕೆಯ ಮೇಲೆಯೇ ಕೆಲಸ ಮಾಡುವುದು.

ವಿಲಾಯತಿಯವರು ಇದನ್ನೂ ಶಾಸ್ತ್ರ ಮಾಡಿಬಿಟ್ಟಿದ್ದಾರೆ. ಹುಸಿ ಹಕ್ಕಿಗಳ ಮುಖ ಗಾಳಿಗೆ ಎದುರಾಗಿರಬೇಕು, ಯಾಕೆಂದರೆ ನಿಜ ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಕುದುರೆ ಲಾಳದ ಆಕಾರದಲ್ಲಿ ನಿಲ್ಲಿಸಿ ನಡುವೆ ಜಾಗ ಬಿಡಬೇಕು, ಬಂದ ಹಕ್ಕಿ ಅಲ್ಲೇ ಇಳಿಯಲೆಂದು. ಬ್ಯಾಟರಿ ಹಾಕಿ ಗಿರಗಿರ ತಿರುಗುವ ಕೋಲಿನ ತುದಿಗೆ ಎರಡು ಹಕ್ಕಿ ಕಟ್ಟುವುದೂ ಉಂಟು. ಆದರೆ ಅಲ್ಲಿಯ ಕಾಡು ಪಾರಿವಾಳ ಬೇರೆ ಜಾತಿ. ಅದು ಎಣ್ಣೆ ಸಾಸಿವೆಯ ಎಲೆ, ಬಟಾಣಿ ಇವನ್ನೆಲ್ಲ ನಿಜವಾಗಿಯೂ ತಿನ್ನುವ ಕಳ್ಳ. ಅಂದರೆ ಅಲ್ಲಿ ಕರೆದಾಗ ಬರುವುದೂ ಕಳ್ಳನೇ, ಬೀಳುವುದೂ ಕಳ್ಳನೇ.

ನಮ್ಮಲ್ಲಿ ಹಾಗಲ್ಲ. ಜೋಳದ ತೆನೆಯ ಮೇಲೆ ಕುಂತು ಹಾಲುಗಾಳು ಹೀರುವವರು ಯಾರು? ಗಿಳಿ, ಗುಬ್ಬಿ, ಗೀಜುಗ, ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಮೋಡದಂತೆ ಬರುವ ಗುಲಾಬಿ ಮೈನಾ. ಗಿಳಿಯಂತೂ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚು. ಸೂರ್ಯಕಾಂತಿ, ಗೋವಿನಜೋಳ ಏನಿದ್ದರೂ ಅದಕ್ಕೆ ಸೈ. ಬೆಳವ, ಪಾರಿವಾಳ ಬಹುಮಟ್ಟಿಗೆ ನೆಲದ ಮೇಲಿನ ಗಿರಾಕಿಗಳು. ಉದುರಿದ ಕಾಳು, ಕಳೆಯ ಬೀಜ ಹೆಕ್ಕುತ್ತವೆ. ಅವು ಸಾಧುಗಳೇನಲ್ಲ. ಬಿತ್ತಿದ ಶೇಂಗಾ, ಹೆಸರು, ಕಡಲೆಯ ಬೀಜವನ್ನು ಮೊಳಕೆ ಬರುವ ತನಕ ಕಾಯಲೇಬೇಕು. ಅದು ಬಿತ್ತನೆಯ ಮೊದಲ ಎಂಟು ಹತ್ತು ದಿನದ ಮಾತು. ಬೀಜ ತುಸು ಆಳಕ್ಕೆ ಬಿದ್ದು ಮೇಲೆ ಮಣ್ಣು ಸರಿಯಾಗಿ ಮುಚ್ಚಿದರೆ ಅರ್ಧ ಕಾಟ ಅಲ್ಲಿಗೇ ಮುಗಿಯುತ್ತದೆ.

ಹೀಗಾಗಿ ತೆನೆ ಕಾಲದಲ್ಲಿ ಹುಸಿ ಪಾರಿವಾಳ ಇಟ್ಟು ಬಂದೂಕು ಹಿಡಿದವನ ಮುಂದೆ ಬಂದು ಬೀಳುವುದು ಬೆಳವ. ಗಿಳಿ ಆ ಪ್ಲಾಸ್ಟಿಕ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ, ಪಕ್ಕದ ಸಾಲಿನ ತೆನೆಯ ಮೇಲೆ ಆರಾಮ ಕುಂತಿರುತ್ತದೆ. ಹೊಡೆದವನ ಮನೆಯಲ್ಲಿ ಸಾರು ಆದೀತು. ಹೊಲದವನಿಗೆ ಒಂದು ಚೀಲ ಜೋಳ ಸಹ ಹೆಚ್ಚಿಗೆ ಬರುವುದಿಲ್ಲ. ಬೆಳೆ ಕಾಯುವ ಹೆಸರಿನಲ್ಲಿ ನಡೆಯುವುದು ಶಿಕಾರಿ.

ಇರಲಿ, ಹೊಡೆದರೆ ಹಕ್ಕಿಯ ಸಂಖ್ಯೆಯಾದರೂ ಕಮ್ಮಿ ಆಗುತ್ತದೆಯೇ? ಇದಕ್ಕೂ ವಿಲಾಯತಿಯವರೇ ಉತ್ತರ ಕೊಟ್ಟಿದ್ದಾರೆ. ಕೇಂಬ್ರಿಜ್ ಸೀಮೆಯ ಹೊಲಗಳಲ್ಲಿ ಮರ್ಟನ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ವರ್ಷಗಟ್ಟಲೆ ಕುಂತು ಲೆಕ್ಕ ಹಾಕಿದರು. ಚಳಿಗಾಲದಲ್ಲಿ ಎಷ್ಟು ಹೊಡೆದರೂ ಒಟ್ಟು ಸಾವು ಹೆಚ್ಚಲಿಲ್ಲ. ಗುಂಡಿಗೆ ಸಾಯದಿದ್ದರೆ ಅಷ್ಟೇ ಹಕ್ಕಿ ಮೇವು ಸಾಲದೆ ಸಾಯುತ್ತಿದ್ದವು. ಕೆಲವು ಸತ್ತರೆ ಉಳಿದವಕ್ಕೆ ಮೇವು ಹೆಚ್ಚು ಸಿಕ್ಕಿ ಅವು ಬದುಕಿದವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲೂ ಇದೇ ಕಥೆ. ವರ್ಷ ವರ್ಷ ಸಾವಿರಾರು ಪಾರಿವಾಳ ಕೊಂದರೂ ಸಂಖ್ಯೆ ಇಳಿಯಲಿಲ್ಲ. 1988ರಿಂದ ಜನ ಕಾಳು ಹಾಕುವುದನ್ನು ಕಡಿಮೆ ಮಾಡಿಸಿದ ಮೇಲೆ ಇಳಿಯಿತು. ದಿನಾ ಬೆಳಿಗ್ಗೆ ಅಂಗಡಿ ಮುಂದೆ ಕಾಳು ಚೆಲ್ಲಿ ಪುಣ್ಯ ಕಟ್ಟಿಕೊಳ್ಳುವ ನಮ್ಮ ದಲಾಲರು ಇದನ್ನು ಓದಿ ಸಿಟ್ಟಾಗಬಾರದು, ಲೆಕ್ಕ ಇದ್ದದ್ದು ಹಾಗೆ.

ಇನ್ನು ಕಾಯ್ದೆ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಲು ಹಾಕುವುದು, ವಿಷ ಇಡುವುದು, ಆಸೆ ತೋರಿಸಿ ಕರೆಯುವುದು ಸಹಿತ ಬೇಟೆಯೇ. ಲೈಸೆನ್ಸ್ ಪಡೆದು ಶಿಕಾರಿ ಮಾಡುವ ಬಾಗಿಲು 1991ರ ತಿದ್ದುಪಡಿಯಲ್ಲಿ ಮುಚ್ಚಿಹೋಯಿತು. ಪಾರಿವಾಳ ಹೊಡೀಬಹುದು ಎಂದು ವಾದ ಮಾಡುವವರಿದ್ದಾರೆ. 2022ರ ತಿದ್ದುಪಡಿಗೆ ಮುಂಚೆ ಇದ್ದ ಪಟ್ಟಿಯಲ್ಲಿ ಪಾರಿವಾಳ ಜಾತಿಗೆಲ್ಲ ರಕ್ಷಣೆ ಇತ್ತು, ಊರ ಗೋಡೆಯಲ್ಲಿ ಗೂಡು ಕಟ್ಟುವ ನೀಲಿ ಪಾರಿವಾಳ ಒಂದಕ್ಕೆ ವಿನಾಯಿತಿ. ಆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ ಪಟ್ಟಿಗಳೇ ಹೊಸದಾದವು. ಕಾಗೆ, ಇಲಿಗಳನ್ನು ಉಪದ್ರವಿ ಎಂದು ಹೆಸರಿಸಿದ್ದ ಹಳೇ ಪಟ್ಟಿಯೂ ಹೋಯಿತು. ಹಳೇ ಪುಸ್ತಕ ನಂಬಿ ಹೊಲಕ್ಕೆ ಇಳಿದವನನ್ನು ಕೋರ್ಟಿನಲ್ಲಿ ಯಾರೂ ಕಾಯುವುದಿಲ್ಲ. ಬೆಳವಕ್ಕಂತೂ ಹಿಂದೆಯೂ ವಿನಾಯಿತಿ ಇರಲಿಲ್ಲ.

ಶಿಕ್ಷೆ ಮೂರು ವರ್ಷದ ತನಕ ಸೆರೆ, ಇಲ್ಲವೆ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಹುಸಿ ಹಕ್ಕಿಯ ಜತೆಗೆ ವಿಷದ ಕಾಳು ಚೆಲ್ಲಿ ಅದನ್ನು ನವಿಲು ತಿಂದು ಸತ್ತರೆ ಕಥೆ ಮುಗಿಯಿತು. ನವಿಲು ಮೊದಲನೇ ಪಟ್ಟಿಯದು, ಮೂರು ವರ್ಷಕ್ಕೆ ಕಡಿಮೆ ಇಲ್ಲದ ಸೆರೆ, ಏಳು ವರ್ಷದ ತನಕ. ಬೀಳಗಿ, ಮುಧೋಳ ಕಡೆಯವರಿಗೆ ಇನ್ನೊಂದು ಮಾತು. 2016ರಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯ ಆಗಿದೆ, 96 ಚದರ ಕಿಲೋಮೀಟರಿಗೂ ಮೇಲೆ. ಅದರ ಅಂಚಿನಲ್ಲಿ ಗುಂಡಿನ ಸಪ್ಪಳ ಕೇಳಿದರೆ ಅರಣ್ಯ ಇಲಾಖೆಯವರು ಬೆಳವಕ್ಕೆ ಹೊಡೆದಿರೋ ಚಿಂಕಾರಕ್ಕೆ ಹೊಡೆದಿರೋ ಎಂದು ಸಮಾಧಾನದಿಂದ ಕೇಳುವ ಹೊತ್ತಲ್ಲ.

ಹಾಗಾದ್ರ ರೈತಗ ದಾರೀನ ಇಲ್ಲೇನ್ರಿ? ಕಾಯ್ದೆಯಲ್ಲಿ ಒಂದು ಕಿಂಡಿ ಉಂಟು. ಎರಡನೇ ಪಟ್ಟಿಯ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿ ಆಯಿತೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಇಲ್ಲವೆ ಅವರು ಅಧಿಕಾರ ಕೊಟ್ಟವರಿಗೆ ಮನವರಿಕೆಯಾದರೆ ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಅರ್ಜಿ ಹೋಗಿ ಸಹಿಯಾಗಿ ಬರುವ ಹೊತ್ತಿಗೆ ಜೋಳ ರೊಟ್ಟಿಯಾಗಿರುತ್ತದೆ. ಅದು ಬೇರೆ ಮಾತು.

ಬಂದೂಕಿನ ಮಾತು ಬರುವುದೇ ಯಾಕೆ? ಕಾಯುವವರಿಲ್ಲ, ಅದಕ್ಕೆ. ಹಿಂದೆ ಮಂಚಿಕೆ ಕಟ್ಟಿ, ಕವಣಿ ಹಿಡಿದು, ತಗಡು ಬಡಿಯುತ್ತ ಮುದುಕಿಯರು, ಹುಡುಗರು ಬೆಳಗಿನಿಂದ ಸಂಜೆ ತನಕ ಕೂಗು ಹಾಕುತ್ತಿದ್ದರು. ಈಗ ಹುಡುಗರು ಸಾಲಿಗೆ ಹೋಗುತ್ತಾರೆ, ಹೋಗಲೇಬೇಕು. ದುಡಿಯುವ ವಯಸ್ಸಿನವರು ಬನಹಟ್ಟಿಯ ಮಗ್ಗಕ್ಕೆ, ಕಬ್ಬು ಕಡಿಯುವ ಗ್ಯಾಂಗಿಗೆ. ಎರಡೆಕರೆ ಜೋಳಕ್ಕೆ ದಿನಗೂಲಿ ಕೊಟ್ಟು ಆಳು ಕೂರಿಸಿದರೆ ಕೂಲಿಯೇ ಜೋಳವನ್ನು ತಿಂದುಬಿಡುತ್ತದೆ.

ಎರಡನೇ ಕಾರಣ ಕಬ್ಬು. ಘಟಪ್ರಭಾ, ಕೃಷ್ಣಾ ದಂಡೆಗುಂಟ ಕಣ್ಣು ಹಾಯುವ ತನಕ ಕಬ್ಬು, ಊರಿಗೊಂದು ಫ್ಯಾಕ್ಟರಿ ಎನ್ನುವಂತಾಗಿದೆ. ಆಲಮಟ್ಟಿಯಲ್ಲಿ 519.60 ಮೀಟರಿಗೆ ನೀರು ನಿಂತ ಮೇಲೆ ಬೀಳಗಿಯ ಹೊಳೆಸಾಲಿನ ಎಷ್ಟೋ ಎರಿಭೂಮಿ ನೀರಿನಡಿ ಹೋಯಿತು. ಹಕ್ಕಿಗೆ ಕಬ್ಬಿನಲ್ಲಿ ಕಾಳಿಲ್ಲ. ಮೊದಲು ಇಡೀ ಸೀಮೆಯ ಜೋಳದಲ್ಲಿ ಹಂಚಿಹೋಗುತ್ತಿದ್ದ ಹಿಂಡು ಈಗ ಉಳಿದ ನಾಲ್ಕು ಹೊಲದ ಮೇಲೆ ಎರಗುತ್ತದೆ. ಹಕ್ಕಿ ಹೆಚ್ಚಾದವು ಎನ್ನುವ ರೈತನ ಕಣ್ಣು ಸುಳ್ಳು ಹೇಳುತ್ತಿಲ್ಲ, ಅವನ ಹೊಲದ ಮಟ್ಟಿಗೆ ಹೆಚ್ಚಾದವು. ಸುತ್ತ ಕಬ್ಬು, ನಡುವೆ ಒಂದೇ ಜೋಳ ಎಂಬಂತಿದ್ದರೆ ಅಥವಾ ಎಲ್ಲರಿಗಿಂತ ಹದಿನೈದು ದಿನ ಮುಂಚೆ ಇಲ್ಲವೆ ಹಿಂದೆ ತೆನೆ ಬಂದರೆ ಪೂರಾ ಪೆಟ್ಟು ಅವನಿಗೇ.

ಅದಕ್ಕೇ ಒಂದು ಊರಿನ ಒಣಬೇಸಾಯದವರು ಒಂದೇ ಹದಕ್ಕೆ ಬಿತ್ತುವುದು ಬಂದೂಕಿಗಿಂತ ಗಟ್ಟಿ ಉಪಾಯ. ಹಕ್ಕಿಯ ಹೊಟ್ಟೆ ದೊಡ್ಡದಾಗುವುದಿಲ್ಲ, ತೆನೆ ಒಮ್ಮೆಗೇ ಬಂದರೆ ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ. ನಾಲ್ಕಾರು ಹೊಲದವರು ಸೇರಿ ಸರದಿಯ ಮೇಲೆ ಕಾವಲು ಇಟ್ಟರೆ ಕೂಲಿಯೂ ಹಂಚಿಕೆಯಾಗುತ್ತದೆ. ಫಳಫಳಿಸುವ ಕೆಂಪು-ಬೆಳ್ಳಿ ರಿಬ್ಬನ್ ತಿರುಚಿ ಕಟ್ಟುವುದು ಒಳ್ಳೆಯದೇ, ಹಾಲುಗಾಳಿನ ದಿನಗಳ ಮಟ್ಟಿಗೆ ಮಾತ್ರ. ತಿಂಗಳುಗಟ್ಟಲೆ ಬಿಟ್ಟರೆ ಗಿಳಿ ಅದರ ಮೇಲೇ ಕುಂತು ಜೋಕಾಲಿ ಆಡುತ್ತದೆ. ಹಕ್ಕಿ ಮುಟ್ಟದ ಒಗರು ಜೋಳದ ತಳಿ ಇವೆ, ಆದರೆ ಮಾಲದಂಡಿ ರೊಟ್ಟಿ ತಿಂದ ಬಾಯಿ ಅದನ್ನು ಒಪ್ಪುವುದಿಲ್ಲ. ಪೈಪಿನ ಕಾರ್ಬೈಡ್ ಗನ್ ತರುವವರು 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಮಕ್ಕಳ ಕಣ್ಣಿಗೆ ಆದ ಅನಾಹುತ ನೆನೆಸಿಕೊಳ್ಳಲಿ.

ಈಗ ಮುಖ್ಯ ಮಾತಿಗೆ ಬರೋಣ. 2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಇಲಾಖೆ ಒಂದು ಘೋಷಣೆ ಮಾಡಿತು: 2026ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯಲ್ಲಿ ವನ್ಯಪ್ರಾಣಿ ದಾಳಿಯ ನಷ್ಟಕ್ಕೂ ವಿಮೆ. ನಷ್ಟವಾದ 72 ಗಂಟೆಯೊಳಗೆ ಬೆಳೆವಿಮೆ ಆ್ಯಪಿನಲ್ಲಿ ಜಾಗದ ಗುರುತಿರುವ ಫೋಟೋ ಹಾಕಬೇಕು. ಯಾವ ಯಾವ ಪ್ರಾಣಿ, ಯಾವ ಜಿಲ್ಲೆ ಎಂಬ ಪಟ್ಟಿ ಮಾಡುವುದು ರಾಜ್ಯ ಸರಕಾರದ ಕೆಲಸ. ಇಂಥ ಪಟ್ಟಿ ಎಂದರೆ ಸಾಮಾನ್ಯವಾಗಿ ನೆನಪಾಗುವುದು ಆನೆ, ಕಾಡುಹಂದಿ, ಮಂಗ. ಅಂದರೆ ಮಲೆನಾಡು, ಮೈಸೂರು ಕಡೆಯ ಕಷ್ಟ. ಜೋಳದ ಸೀಮೆಯ ಗಿಳಿ ಯಾರ ನೆನಪಿಗೆ ಬರಬೇಕು?

1972ರ ಕಾಯ್ದೆ ಪ್ರಾಣಿ ಎಂಬ ಶಬ್ದದಲ್ಲಿ ಹಕ್ಕಿಯನ್ನೂ ಸೇರಿಸಿಯೇ ಹೇಳುತ್ತದೆ. ಪಟ್ಟಿಯಲ್ಲಿರುವ ಗಿಳಿಯನ್ನು ಹೊಡೆದರೆ ಅದು ವನ್ಯಪ್ರಾಣಿ, ರೈತ ಆರೋಪಿ. ಅದೇ ಗಿಳಿ ಎರಡೆಕರೆ ತೆನೆ ಬರಿದು ಮಾಡಿದರೆ ಆಗಲೂ ಅದು ವನ್ಯಪ್ರಾಣಿಯೇ ಆಗಬೇಕಲ್ಲ? ಬಾಗಲಕೋಟೆ ಜಿಲ್ಲೆಯ ಹೆಸರಿನ ಮುಂದೆ ಗಿಳಿ, ಗುಲಾಬಿ ಮೈನಾ ಬರೆಯಿಸುವ ಕೆಲಸ ನಾಲ್ಕೂ ತಾಲೂಕಿನ ಶಾಸಕರದು, ರೈತ ಸಂಘಟನೆಗಳದು. ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಹೋಗಬೇಕಾದ್ದು ಜೋಳ ಬಿತ್ತುವ ಮುಂಚೆ, ಸೀತನಿ ಸುಡುವ ದಿನ ಅಲ್ಲ.