ಹಲ್ಲಿನ ಸೆಟ್ ಬಣ್ಣಗೆಟ್ಟರೆ ಕವಳವೊಂದೇ ಕಳ್ಳನಲ್ಲ

ನಮ್ಮ ಅಜ್ಜಿಯ ಹಲ್ಲಿನ ಸೆಟ್ ವರ್ಷ ತುಂಬುವುದರೊಳಗೆ ಬಣ್ಣಗೆಟ್ಟಿತು. ಕಟ್ಟಿಕೊಟ್ಟವರ ಹತ್ತಿರ ಒಯ್ದು ತೋರಿಸಿದರೆ ಒಂದೇ ಮಾತು: "ಕವಳ ಹಾಕ್ತೀರಲ್ಲ ಅಜ್ಜಿ, ಇನ್ನೇನಾಗ್ತದೆ?" ಆಮೇಲೆ ಮದುವೆಮನೆಯಲ್ಲೂ ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದೇ ಕೂತರು.

ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಕವಳ, ಚಹಾ, ಅರಿಶಿಣ ಇಲ್ಲದ ಮನೆ ಯಾವುದು? ಇವು ಸೆಟ್ಟಿಗೆ ಕಲೆ ಹಿಡಿಸುವುದು ನಿಜ. ಆದರೆ ಕಲೆ ಎಷ್ಟು ಬೇಗ ಹಿಡಿಯುತ್ತದೆ ಎಂಬುದು ಹಲ್ಲು ಕೂರಿಸಿದ ಆ ಗುಲಾಬಿ ತಳವನ್ನು ಯಾವುದರಿಂದ, ಹೇಗೆ ಮಾಡಿದ್ದಾರೆ ಎಂಬುದರ ಮೇಲೂ ನಿಂತಿದೆ. ಆ ಮಾತು ಯಾರೂ ಎತ್ತುವುದಿಲ್ಲ.

ಹೀಟ್ ಕ್ಯೂರ್ ಅಕ್ರಿಲಿಕ್ ಸುಮಾರು 74 ಡಿಗ್ರಿ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಬೇಕು. ಅವಸರಕ್ಕೆ ಒಮ್ಮೆಲೇ ಕುದಿಸಿದರೆ ಒಳಗಿನ ದ್ರವ ಆವಿಯಾಗಿ ಸಣ್ಣ ಸಣ್ಣ ತೂತು ಬೀಳುತ್ತವೆ. ಕಲೆಯೂ ಅಲ್ಲೇ, ಕೊಳೆಯೂ ಅಲ್ಲೇ. ಕೋಲ್ಡ್ ಕ್ಯೂರ್ ಹೆಚ್ಚಾಗಿ ರಿಪೇರಿಗೆ ಬಳಸುವಂಥದ್ದು. ಅದರೊಳಗಿನ ಅಮೈನ್ ಎಂಬ ರಾಸಾಯನಿಕ ಕಾಲ ಕಳೆದಂತೆ ತಾನೇ ಹಳದಿಗೆ ತಿರುಗುತ್ತದೆ, ಕವಳ ಮುಟ್ಟದವರ ಬಾಯಲ್ಲೂ. ಇನ್ನು ನೈಲಾನಿನ 'ಫ್ಲೆಕ್ಸಿಬಲ್' ಸೆಟ್: ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಆದರೆ ನುಣುಪಾಗಿ ಪಾಲಿಶ್ ಮಾಡುವುದು ಕಷ್ಟ. ಹೀಟ್ ಕ್ಯೂರಿಗಿಂತ ಇದಕ್ಕೇ ಬೇಗ ಕಲೆ ಹಿಡಿಯುತ್ತದೆ ಎಂದು ಹಲವು ಪರೀಕ್ಷೆಗಳು ತೋರಿಸಿವೆ. ಜಾಸ್ತಿ ದುಡ್ಡು ಕೊಟ್ಟರೆ ಬಣ್ಣ ಜಾಸ್ತಿ ದಿನ ನಿಲ್ಲುತ್ತದೆ ಎಂದೇನಿಲ್ಲ.

ಬಣ್ಣ ನಿಲ್ಲಬೇಕು ಎನ್ನುವುದು ಮುದುಕರ ಶೋಕಿಯಲ್ಲ. ಸೆಟ್ಟಿನ ತಳಕ್ಕಿರುವ ಐಎಸ್‌ಒ 20795-1 ಮಾನದಂಡದಲ್ಲೇ ಬಣ್ಣದ ಪರೀಕ್ಷೆ ಇದೆ.

ನಮ್ಮ ಕಡೆಯ ತಪ್ಪೂ ಇದೆ. ಪೇಸ್ಟ್, ಇದ್ದಿಲ ಪುಡಿ ಹಾಕಿ ಉಜ್ಜಿದರೆ ಗೀರು ಬಿದ್ದು ಕಲೆ ಕೂರುತ್ತದೆ. ಕುದಿನೀರಿಗೆ ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ. ಮೆತ್ತನೆ ಬ್ರಷ್, ಸೋಪು ಸಾಕು, ರಾತ್ರಿ ತಣ್ಣೀರಲ್ಲಿಡಿ. ಕವಳ ಬಿಡಲೇಬೇಕು, ಆದರೆ ಅದು ಬಾಯಿ ಕ್ಯಾನ್ಸರಿನ ಭಯಕ್ಕೆ. ಬೇರೆಯವರ ಕಳಪೆ ಕೆಲಸಕ್ಕೆ ನೆಪವಾಗಲು ಅಲ್ಲ.

ನಾವು ಕೇಳುವುದು ಇಷ್ಟೇ: ಬಿಲ್ಲಿನಲ್ಲಿ 'ಸೆಟ್' ಎಂದು ಗೀಚಿ ಕೊಡಬೇಡಿ. ಯಾವ ವಸ್ತು, ಹೇಗೆ ಮಾಡಿದ್ದು, ಬರೆದು ಕೊಡಿ. ದಂತಭಾಗ್ಯದ ಪುಕ್ಕಟೆ ಸೆಟ್ಟಿಗೂ ಇದೇ ಚೀಟಿ ಬೇಕು. ಕೊಳ್ಳುವ ವಸ್ತುವಿನ ಗುಣಮಟ್ಟ ತಿಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ದುಡ್ಡು ಕೊಟ್ಟು ಮೋಸ ಹೋದರೆ ದೂರು ಕೊಡಲು ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ.

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವರು ನಾವು. ಹಲ್ಲು ಕೊಳ್ಳುವಾಗ ಮಾತ್ರ ಬಾಯಿ ಮುಚ್ಚಿ ಕೂರುವುದೇಕೆ?